ಕೇಬಲ್ ಕ್ಲಚ್‌ನಿಂದ ಹೈಡ್ರಾಲಿಕ್ ಕ್ಲಚ್‌ಗೆ: ಬೋರ್ ಲೆಕ್ಕದ ಟಿಪ್ಪಣಿ

ಮಾರುತಿ 800ರಂತಹ ಸಣ್ಣ ಕಾರುಗಳಲ್ಲಿ ಕ್ಲಚ್ ಪೆಡಲ್‌ನಿಂದ ಗೇರ್ ಬಾಕ್ಸಿನ ಲಿವರ್‌ವರೆಗೆ ಉಕ್ಕಿನ ಕೇಬಲ್ ಇರುತ್ತದೆ. ಅದನ್ನು ತೆಗೆದು, ಪೆಡಲ್ ಬದಿಗೆ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರನ್ನೂ ಗೇರ್ ಬಾಕ್ಸ್ ಬದಿಗೆ ಆ ಆಯಿಲಿನ ಒತ್ತಡದಿಂದ ಲಿವರನ್ನು ಸರಿಸುವ ಸ್ಲೇವ್ ಸಿಲಿಂಡರನ್ನೂ ಕೂರಿಸಿ, ನಡುವೆ ಬ್ರೇಕ್ ಆಯಿಲ್ ತುಂಬಿದ ಪೈಪ್ ಎಳೆಯುವುದೇ ಈ ಬದಲಾವಣೆ. ಸ್ಲೇವ್ ಹೊರಗಡೆಯೇ ಇರುವುದರಿಂದ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್‌ಗಳನ್ನು ಮುಟ್ಟಬೇಕಾಗಿಲ್ಲ. ಪೆಡಲ್ ತುಳಿದಾಗ ಲಿವರ್ ರಿಲೀಸ್ ಬೇರಿಂಗನ್ನು ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಮೇಲೆ ಒತ್ತುತ್ತದೆ, ಆಗ ಕ್ಲಚ್ ಪ್ಲೇಟ್ ಸಡಿಲಾಗಿ ಇಂಜಿನ್ನಿಗೂ ಗೇರ್ ಬಾಕ್ಸಿಗೂ ಇರುವ ಸಂಪರ್ಕ ತಪ್ಪುತ್ತದೆ; ಅವುಗಳ ಕೆಲಸ ಇಷ್ಟೇ. ನಾನು ಎಡವಿದ್ದು ಸಿಲಿಂಡರ್‌ಗಳ ಬೋರ್, ಅಂದರೆ ಒಳವ್ಯಾಸ, ಆರಿಸುವಲ್ಲಿ.

ಬೋರ್ ಆರಿಸುವುದು

ಪೆಡಲ್ ಹಗುರವಾಗಬೇಕಾದರೆ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಬೇಕೆಂದು ನಾನು ತಿಳಿದಿದ್ದೆ. ದೊಡ್ಡ ಪಂಪಿಗೆ ಹೆಚ್ಚು ಬಲವೆಂಬ ತೋಟದ ಪಂಪ್‌ಸೆಟ್ಟಿನ ತರ್ಕ ತಲೆಯಲ್ಲಿ ಕೂತಿತ್ತು. ಆದರೆ ಪಂಪ್‌ಸೆಟ್ಟಿಗೆ ಬಲ ಕೊಡುವುದು ಮೋಟಾರು. ಇಲ್ಲಿ ಬಲ ಕಾಲಿನದು, ಅದು ಇದ್ದಷ್ಟೇ ಇರುತ್ತದೆ. ಅದೇ ಬಲ ಸಣ್ಣ ಪಿಸ್ಟನ್ನಿನ ಮೇಲೆ ಬಿದ್ದರೆ ಆಯಿಲಿನಲ್ಲಿ ಹೆಚ್ಚು ಒತ್ತಡವೂ, ದೊಡ್ಡ ಪಿಸ್ಟನ್ನಿನ ಮೇಲೆ ಬಿದ್ದರೆ ಕಡಿಮೆ ಒತ್ತಡವೂ ಹುಟ್ಟುತ್ತದೆ. ಈ ಒತ್ತಡ ಸ್ಲೇವ್‌ಗೆ ಹಾಗೆಯೇ ತಲುಪುವುದರಿಂದ, ಸ್ಲೇವ್ ಪಿಸ್ಟನ್ನಿನ ವಿಸ್ತೀರ್ಣ ಹೆಚ್ಚಿದಷ್ಟೂ ಲಿವರ್ ಮೇಲೆ ಬೀಳುವ ಬಲ ಹೆಚ್ಚುತ್ತದೆ. ಅಂದರೆ ಪೆಡಲ್ ಹಗುರವಾಗಲು ಬೇಕಾದದ್ದು ಸಣ್ಣ ಮಾಸ್ಟರ್ ಮತ್ತು ದೊಡ್ಡ ಸ್ಲೇವ್. ಆದರೆ ಮಾಸ್ಟರ್ ತಳ್ಳಿದಷ್ಟು ಆಯಿಲ್ ಮಾತ್ರ ಸ್ಲೇವ್‌ಗೆ ಸಿಗುತ್ತದೆ, ಅಗಲವಾದ ಸ್ಲೇವ್ ಅಷ್ಟೇ ಆಯಿಲಿನಲ್ಲಿ ಕಡಿಮೆ ದೂರ ಸರಿಯುತ್ತದೆ. ಬಲ ಎಷ್ಟು ಪಟ್ಟು ಏರಿತೋ ಚಲನೆ ಅಷ್ಟೇ ಪಟ್ಟು ಇಳಿಯುತ್ತದೆ.

ಲೆಕ್ಕಕ್ಕೆ ನನಗೆ ಬಹಳ ಹಿಡಿಸಿದ ಸುಲಭದ ದಾರಿಯೊಂದಿದೆ. ಇಂಚಿನ ಬೋರ್‌ಗಳಾದ 5/8, 3/4, 7/8 ಇವನ್ನು ಎಂಟನೇ ಭಾಗಗಳಾಗಿ ನೋಡಿದರೆ 5, 6, 7 ಆಗುತ್ತವೆ; ವರ್ಗ ಮಾಡಿದರೆ 25, 36, 49. ವಿಸ್ತೀರ್ಣಗಳ ಅನುಪಾತಕ್ಕೆ ಇಷ್ಟೇ ಸಾಕು, ಪೈ ಬೇಡ, ಮಿಲಿಮೀಟರೂ ಬೇಡ. 5/8ರ ಮಾಸ್ಟರ್‌ಗೆ 3/4ರ ಸ್ಲೇವ್ ಜೋಡಿಸಿದರೆ 36ನ್ನು 25ರಿಂದ ಭಾಗಿಸಿ 1.44, 7/8ರ ಸ್ಲೇವ್ ಜೋಡಿಸಿದರೆ 1.96.

ಏನನ್ನೂ ಕೊಳ್ಳುವ ಮೊದಲು, ಹಳೆಯ ಕೇಬಲ್ ಇನ್ನೂ ಇರುವಾಗಲೇ, ಲಿವರ್ ತುದಿಯ ಪಕ್ಕ ಸ್ಟೀಲ್ ಸ್ಕೇಲ್ ಹಿಡಿದು ಇನ್ನೊಬ್ಬರಿಂದ ಪೆಡಲ್ ತುಳಿಸಿ ಅಳೆಯಬೇಕು. ನಾವು ಈ ಕೆಲಸ ಕಲಿತ ಕಾರಿನಲ್ಲಿ ಕ್ಲಚ್ ಪೂರ್ತಿ ಬಿಡಲು ಲಿವರ್ 14 ಮಿ.ಮೀ. ಸರಿಯಬೇಕಿತ್ತು. ಪಾದದ ಬಳಿ ಪೆಡಲ್ ಚಲನೆ 140 ಮಿ.ಮೀ., ಪೆಡಲ್ ಅನುಪಾತ 5, ಅಂದರೆ ಮಾಸ್ಟರ್ ಪಿಸ್ಟನ್ನನ್ನು ತಳ್ಳುವ ಪುಶ್ ರಾಡ್ ಪಾದ ಸರಿದ ದೂರದ ಐದನೇ ಒಂದು ಭಾಗ ಮಾತ್ರ ಸರಿಯುತ್ತದೆ. ಹಾಗಾಗಿ ಪುಶ್ ರಾಡ್ 28 ಮಿ.ಮೀ. ಸರಿಯುತ್ತದೆ. ಪುಶ್ ರಾಡಿನ ಸಂದಿಗೂ ಆಯಿಲ್ ಡಬ್ಬಿಯತ್ತ ತೆರೆದಿರುವ ಮಾಸ್ಟರ್‌ನ ರಂಧ್ರ ಮುಚ್ಚಿಕೊಳ್ಳಲಿಕ್ಕೂ 2 ಮಿ.ಮೀ. ಕಳೆದರೆ ಉಳಿಯುವುದು 26. ಇದನ್ನು 1.44ರಿಂದ ಭಾಗಿಸಿದರೆ 18 ಮಿ.ಮೀ., 1.96ರಿಂದ ಭಾಗಿಸಿದರೆ 13.3 ಮಿ.ಮೀ.

ಹಗುರವಾದ ಪೆಡಲ್‌ನ ಆಸೆಗೆ ನಾನು ಮೊದಲು ಹಾಕಿಸಿದ್ದು 7/8ರ ಸ್ಲೇವ್. ಕೊರತೆ ಒಂದು ಮಿಲಿಮೀಟರಿಗೂ ಕಡಿಮೆ, ಆದರೂ ರಿವರ್ಸ್ ಗೇರ್ ಪ್ರತಿ ಸಲವೂ ಕರ್ರೆಂದಿತು. ಆಮೇಲೆ ಹಾಕಿದ 3/4ರ ಸ್ಲೇವ್‌ನಲ್ಲಿ ಒಟ್ಟು ಅನುಪಾತ 5 ಗುಣಿಸು 1.44, ಅಂದರೆ 7.2, ಲಿವರ್‌ಗೆ 72 ಕೆ.ಜಿ. ಬಲ ಬೇಕಿದ್ದರೆ ಕಾಲಿಗೆ 10 ಕೆ.ಜಿ. ಭಾರ. ನಾನು ಮೊದಲು ಅಂದುಕೊಂಡಂತೆ 3/4ರ ಮಾಸ್ಟರ್‌ಗೆ 5/8ರ ಸ್ಲೇವ್ ಹಾಕಿದ್ದರೆ ಅದೇ ಕೆಲಸಕ್ಕೆ 20 ಕೆ.ಜಿ. ದಾಟುತ್ತಿತ್ತು.

18 ಮಿ.ಮೀ. ಎಂಬುದು ಬೇಕಾದ್ದಕ್ಕಿಂತ ಹೆಚ್ಚು. ಪ್ರೆಶರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗನ್ನು ಅತಿಯಾಗಿ ಒತ್ತಬಾರದಾದ್ದರಿಂದ ಪೆಡಲ್ ಕೆಳಗೆ ತಡೆ ಬೋಲ್ಟ್ ಹಾಕಬೇಕು.

ಜೋಡಣೆ

ಕೇಬಲ್ ಲಿವರನ್ನು ಎಳೆಯುತ್ತದೆ, ಸಾಮಾನ್ಯ ಸ್ಲೇವ್ ತಳ್ಳುತ್ತದೆ. ಆದ್ದರಿಂದ ಸ್ಲೇವ್ ಲಿವರ್‌ನ ಎದುರು ಬದಿಗೆ ಬರಬೇಕು. ಇಂಜಿನ್ ತನ್ನ ಮೌಂಟಿಂಗ್‌ಗಳ ಮೇಲೆ ಅಲುಗಾಡುವುದರಿಂದ ಸ್ಲೇವ್‌ನ ಬ್ರಾಕೆಟನ್ನು ಬಾಡಿಗಲ್ಲ, ಗೇರ್ ಬಾಕ್ಸಿಗೇ ಬಿಗಿಯಬೇಕು. ಅದೇ ಕಾರಣಕ್ಕೆ ಪೈಪಿನ ಕೊನೆಯ ತುಂಡು ಬಾಗುವ ಹೋಸ್ ಆಗಿರಬೇಕು. ಕಾಲು ತೆಗೆದಾಗ ಪುಶ್ ರಾಡಿಗೆ ಸುಮಾರು 1 ಮಿ.ಮೀ. ಸಂದು ಉಳಿಯದಿದ್ದರೆ ಮಾಸ್ಟರ್‌ನ ರಂಧ್ರ ಮುಚ್ಚಿಯೇ ಇದ್ದು, ಬಿಸಿಯಾಗಿ ಹಿಗ್ಗಿದ ಆಯಿಲ್ ಡಬ್ಬಿಗೆ ಮರಳಲಾರದೆ ಕ್ಲಚ್ ಜಾರುತ್ತದೆ.

ತುಂಬಬೇಕಾದದ್ದು ಸಿಲಿಂಡರ್ ತಯಾರಕರು ಹೇಳಿದ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಮಾತ್ರ. ಇಂಜಿನ್ ಆಯಿಲ್ ಬಿದ್ದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಗಾಳಿ ತೆಗೆಯುವಾಗ (ಬ್ಲೀಡ್ ಮಾಡುವಾಗ) ಗಾಳಿ ಹೊರಬಿಡುವ ತಿರುಪಾದ ಬ್ಲೀಡ್ ನಿಪ್ಪಲ್ ಸ್ಲೇವ್‌ನ ಮೇಲ್ಗಡೆಯೇ ಇರಬೇಕು ಮತ್ತು ನಿಪ್ಪಲ್ ಮುಚ್ಚುವ ಮೊದಲು ಪೆಡಲ್ ಬಿಡಬಾರದು.

ಕೊನೆಗೆ, ತಡೆ ಬೋಲ್ಟನ್ನು ಹೊಂದಿಸುವ ಮುನ್ನ, ಅದೇ ಸ್ಕೇಲನ್ನು ಲಿವರ್‌ಗೆ ಹಿಡಿದಾಗ ನನಗೆ ಸಿಕ್ಕಿದ್ದು 18 ಅಲ್ಲ, 16. ಗಾಳಿಯೆಂದುಕೊಂಡು ಮೂರು ಸಲ ಬ್ಲೀಡ್ ಮಾಡಿದೆ. ಆಮೇಲೆ ಬಾನೆಟ್ ಎತ್ತಿ ನೋಡುತ್ತಾ ಪೆಡಲ್ ತುಳಿಸಿದರೆ, ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ, ಮಾಸ್ಟರ್ ಕೂತಿರುವ ತೆಳು ತಗಡಿನ ಫೈರ್‌ವಾಲ್ ಬಾಗಿ ಮಾಸ್ಟರ್ ಸಿಲಿಂಡರೇ 3 ಮಿ.ಮೀ. ಮುಂದಕ್ಕೆ ಬರುತ್ತಿತ್ತು, 3ನ್ನು 1.44ರಿಂದ ಭಾಗಿಸಿದರೆ ಕಳೆದುಹೋದ ಆ 2 ಮಿ.ಮೀ. ಸಿಗುತ್ತದೆ. ಹಿಂಬದಿಗೆ ದಪ್ಪ ಉಕ್ಕಿನ ಪಟ್ಟಿ ಕೊಟ್ಟು ಬಿಗಿದ ಮೇಲೆ ಸ್ಕೇಲ್ 18ರ ಹತ್ತಿರ ತೋರಿಸಿತು.