ಗೂನು ಬೆನ್ನಿಗೆ ಮೂಳೆಯೊಂದೇ ಕಾರಣವಲ್ಲ

ಪಾತ್ರೆ ತೊಳೆಯಲು ನಿಂತ ಐದೇ ನಿಮಿಷಕ್ಕೆ ಅಜ್ಜಿ ಮೊಣಕೈಯನ್ನು ಕಟ್ಟೆಗೆ ಊರಿದರೆ, ಸೋತಿರುವುದು ಬಹುಮಟ್ಟಿಗೆ ಕಾಲಲ್ಲ, ಬೆನ್ನಿನ ಸ್ನಾಯು. ಬೆನ್ನುಮೂಳೆಯ ಎರಡೂ ಬದಿಗೆ ಸೊಂಟದಿಂದ ಕತ್ತಿನವರೆಗೆ ಹಬ್ಬಿರುವ ಈ ಸ್ನಾಯುಗಳು ಮೈ ಮುಂದಕ್ಕೆ ವಾಲದಂತೆ ಹಿಂದಿನಿಂದ ಎಳೆದು ಹಿಡಿಯುತ್ತವೆ. ಆದರೆ ಅವು ಎಳೆಯುವುದು ಮೂಳೆಯ ನಡುವಿನಿಂದ ಬರೀ 5 ಸೆಂ.ಮೀ. ಹಿಂದಿನಿಂದ. 5 ಲೀಟರ್ ನೀರಿನ ಕ್ಯಾನನ್ನು 40 ಸೆಂ.ಮೀ. ಮುಂದೆ ಹಿಡಿದರೆ ಅದೊಂದಕ್ಕೇ ಸುಮಾರು 40 ಕೆಜಿ ಭಾರದಷ್ಟು ಎಳೆತ ಬೇಕು. ಮೈಗೆ ಹತ್ತಿರ, 20 ಸೆಂ.ಮೀ.ಗೆ ತಂದುಕೊಂಡರೆ ಅರ್ಧ ಸಾಕು.

ವಯಸ್ಸಾದಂತೆ ಸ್ನಾಯುವನ್ನು ನಡೆಸುವ ನರಕೋಶಗಳು ಕಡಿಮೆಯಾಗುತ್ತವೆ. ನರದ ನಂಟು ತಪ್ಪಿದ ಎಳೆಗಳು ಸೊರಗುತ್ತವೆ. ಅದರಲ್ಲೂ ಚುರುಕಾಗಿ ಬಿಗಿಯುವ ಎಳೆಗಳೇ ಮೊದಲು. ಎಡವಿದಾಗ ಸಾವರಿಸಿಕೊಳ್ಳಲು ಬೇಕಾದವೂ ಅವೇ. ತೆರವಾದ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಹೀಗಾಗಿ ಸ್ಕ್ಯಾನಿನಲ್ಲಿ ಗಾತ್ರ ಅಷ್ಟೇನೂ ಇಳಿದಂತೆ ಕಾಣದಿದ್ದರೂ ಬಲ ಇಳಿದಿರುತ್ತದೆ. ಸ್ನಾಯು ಸೋತರೆ ಬೆನ್ನು ಬಾಗುತ್ತದೆ, ಬಾಗಿದರೆ ಭಾರ ಕಶೇರುಕಗಳ (ಬೆನ್ನುಮೂಳೆಯ ಒಂದೊಂದು ಮಣಿ) ಮುಂಬದಿಗೆ ಬೀಳುತ್ತದೆ. ಮೂಳೆ ಟೊಳ್ಳಾಗಿದ್ದರೆ ಆ ಬದಿ ಬೆಣೆಯಂತೆ ಕುಸಿದು ಗೂನು ಇನ್ನಷ್ಟು ಹೆಚ್ಚುತ್ತದೆ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾ. ಮೆಹ್ರ್‌ಶೀದ್ ಸಿನಾಕಿ ತಂಡ 1984ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ಆದರೆ ಮರೆಯಬಾರದ್ದು. ಮೂಳೆಸವೆತವಿದ್ದು (ಮೂಳೆ ಟೊಳ್ಳಾಗುವ ತೊಂದರೆ) ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದ 9 ಮಹಿಳೆಯರಲ್ಲಿ 8 ಮಂದಿಗೆ ಕಶೇರುಕಗಳು ಹೊಸದಾಗಿ ಕುಸಿದವು. ಬೆನ್ನನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದ 25 ಮಂದಿಯಲ್ಲಿ ಹಾಗಾದದ್ದು 4 ಮಂದಿಗೆ. ಅದೇ ತಂಡ 2002ರಲ್ಲಿ ಮುಟ್ಟು ನಿಂತ 50 ಮಹಿಳೆಯರ ಫಲಿತಾಂಶ ನೀಡಿತು: ಎರಡು ವರ್ಷ ಬೆನ್ನಿನ ವ್ಯಾಯಾಮ ಮಾಡಿ ಬಿಟ್ಟವರಲ್ಲಿ, ಆಮೇಲೆ ಎಂಟು ವರ್ಷ ಕಳೆದಾಗ ಪರೀಕ್ಷಿಸಿದ ಕಶೇರುಕಗಳಲ್ಲಿ ಕುಸಿದವು ಶೇ. 1.6, ಮಾಡದವರಲ್ಲಿ ಶೇ. 4.3. ಅಂದಮೇಲೆ ಅರವತ್ತು ದಾಟಿದವರಿಗೆಲ್ಲ ಕಾಲ್ಬೆರಳು ಮುಟ್ಟಿಸುವ ಉತ್ಸಾಹ ಬೇಡ.

ಬೆನ್ನನ್ನು ಹಿಂದಕ್ಕೆ ಎತ್ತುವ ಆ ವ್ಯಾಯಾಮ ಸರಳ. ಹೊಟ್ಟೆಯಡಿ ದಿಂಬಿಟ್ಟು ಬೋರಲು ಮಲಗಿ, ಕೈ ಮೈಪಕ್ಕಕ್ಕಿರಲಿ. ಎದೆಯನ್ನು ನೆಲದಿಂದ ತುಸು ಎತ್ತಿ, ಕ್ಷಣಕಾಲ ಹಿಡಿದು, ಮೆಲ್ಲಗೆ ಇಳಿಸಿ. ದಿನಕ್ಕೆ 10 ಸಲ, ವಾರಕ್ಕೆ 5 ದಿನ. 2002ರ ಅಧ್ಯಯನದಲ್ಲಿ ಬೆನ್ನಿನ ಮೇಲೆ ಚೀಲದಲ್ಲಿ ತೂಕ ಹೇರಿದ್ದರು, ಅವರವರ ಗರಿಷ್ಠ ಬಲದ ಶೇ. 30ರಷ್ಟು; ಮನೆಯಲ್ಲಿ ತೂಕವಿಲ್ಲದೆ ಶುರುಮಾಡುವುದೇ ಸರಿ. ಎಡವಟ್ಟಾಗುವುದು ಎರಡು ಕಡೆ. ಎದೆಯ ಬದಲು ಗದ್ದ ಎತ್ತಿದರೆ ಕತ್ತು ನೋಯುತ್ತದೆ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ಬೋರಲು ಮಲಗಲಾಗದವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಎರಡೂ ಹೆಗಲಮೂಳೆಗಳನ್ನು ಹಿಂದೆ ಕೂಡಿಸಬಹುದು.

ಊಟದಲ್ಲಿ ಪ್ರೋಟೀನ್ ದೇಹತೂಕದ ಕೆಜಿಗೆ 1ರಿಂದ 1.2 ಗ್ರಾಂ ಇರಲಿ (ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ). ತಿಳಿಸಾರಿನಲ್ಲಿ ಅಷ್ಟು ಸಿಗದು. ಗಟ್ಟಿ ಬೇಳೆ, ಮೊಟ್ಟೆ, ಮೊಸರು ಬೇಕು.

ಯೌವನದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ, ಇಲ್ಲವೇ ಕೆಮ್ಮಿದಾಗಲೋ ಬಕೆಟ್ ಎತ್ತಿದಾಗಲೋ ನಡುಬೆನ್ನಿನಲ್ಲಿ ಥಟ್ಟನೆ ನೋವು ಹಿಡಿದಿದ್ದರೆ, ವ್ಯಾಯಾಮಕ್ಕೆ ಮುಂಚೆ ಎಕ್ಸ್-ರೇ ಆಗಲಿ.