ರೇಡ್ ಹಾಕಿದ್ದೇನಲ್ಲ, ಮತ್ತೆ ಬ್ಯಾಕಪ್ ಯಾಕೆ?

ಪ್ರಶ್ನೆ: ಸರ್, ಮನೆ ಸರ್ವರ್ ಮಾಡಿಕೊಂಡ ಹಳೇ ಪಿಸಿಗೆ 4 ಟಿಬಿಯ ಎರಡು ಡಿಸ್ಕ್ ಹಾಕಿ ರೇಡ್-1 ಮಾಡಿದ್ದೇನೆ. ಮನೆಯವರ ಫೋಟೊ ಎಲ್ಲ ಇಮ್ಮಿಚ್ ಎಂಬ ಫೋಟೊ ತಂತ್ರಾಂಶಕ್ಕೆ, ಸಿನಿಮಾ ಜೆಲ್ಲಿಫಿನ್ ಎಂಬ ವಿಡಿಯೊ ತಂತ್ರಾಂಶಕ್ಕೆ. ಒಂದು ಡಿಸ್ಕ್ ಹೋದರೂ ಇನ್ನೊಂದು ಇದ್ದೇ ಇದೆ. ಇದರ ಮೇಲೂ ಬ್ಯಾಕಪ್ ಬೇಕಾ?

ಬೇಕು. ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬರು ಇದನ್ನೇ ಕೇಳುತ್ತಾರೆ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ರೇಡ್-1 ಅಂದರೆ ಒಂದು ಡಿಸ್ಕಿನಲ್ಲಿ ಆದದ್ದು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಆಗುವುದು. ಬರೆಯುವುದಷ್ಟೇ ಅಲ್ಲ, ಅಳಿಸುವುದೂ. ಮಗು ಫೋನ್ ಹಿಡಿದು ಆಲ್ಬಂ ಅಳಿಸಿ ಕಸದಬುಟ್ಟಿಯನ್ನೂ ಖಾಲಿ ಮಾಡಿತು, ನೀವು ನಿದ್ದೆಗಣ್ಣಲ್ಲಿ ತಪ್ಪು ಫೋಲ್ಡರಿಗೆ ಡಿಲೀಟ್ ಕೊಟ್ಟಿರಿ, ರ್‍ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ) ಹೊಕ್ಕಿತು: ಎರಡೂ ಡಿಸ್ಕ್ ಒಟ್ಟಿಗೇ ಹಾಳು. ಎರಡಕ್ಕೂ ಕರೆಂಟು ಕೊಡುವುದು ಪಿಸಿಯೊಳಗಿನ ಒಂದೇ ಪವರ್ ಸಪ್ಲೈ ಡಬ್ಬಿ, ಎಸ್‌ಎಂಪಿಎಸ್. ಕರೆಂಟು ಹೋಗಿ ಬಂದಾಗ ಹೈ ವೋಲ್ಟೇಜ್ ನುಗ್ಗಿದರೆ ಎರಡೂ ಸುಡಬಹುದು. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ಡಿಸ್ಕುಗಳಾದರೆ ಒಂದಕ್ಕೆ ವಯಸ್ಸಾಗುವ ಹೊತ್ತಿಗೆ ಜೋಡಿಗೂ ಆಗಿರುತ್ತದೆ. ರೇಡ್ ಅನ್ನುವುದು ಕಾರಿನ ಸ್ಟೆಪ್ನಿ. ದಾರಿಯಲ್ಲಿ ಪಂಕ್ಚರ್ ಆದರೆ ಮನೆ ಮುಟ್ಟಿಸುತ್ತದೆ. ಕಾರೇ ಕಳುವಾದರೆ ಅದೂ ಡಿಕ್ಕಿಯೊಳಗೇ ಹೋಯಿತು.

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ರೇಡ್ ಬಗ್ಗೆ ಬರೆದಾಗ ಅವರ ತಲೆಯಲ್ಲಿದ್ದದ್ದು ಕಡಿಮೆ ಬೆಲೆಯ ಹಲವು ಡಿಸ್ಕುಗಳಿಂದ ವೇಗ ಪಡೆಯುವುದು, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಬ್ಯಾಂಕಿಗೆ ಅದು ಬೇಕೇಬೇಕು. ನಿಮ್ಮ ಜೆಲ್ಲಿಫಿನ್ ಒಂದು ಸಂಜೆ ನಿಂತರೆ ನಷ್ಟವಿಲ್ಲ. ಎರಡೇ ಡಿಸ್ಕಿಗೆ ದುಡ್ಡಿದ್ದರೆ ರೇಡ್ ಬಿಚ್ಚಿ, ಎರಡನೆಯದನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಅಮ್ಮ ಹಾಡಿದ ಸೋಬಾನೆ ಪದಗಳ ಹನ್ನೊಂದು ರೆಕಾರ್ಡಿಂಗ್ ನನ್ನ ಸರ್ವರಿನಲ್ಲಿದ್ದವು. ಜಾಗ ಸಾಲದೆ ಹಳೇ ಫೋಲ್ಡರುಗಳನ್ನು ಅಳಿಸಿದಾಗ ಅವೂ ಹೋದವು. ಗೊತ್ತಾದದ್ದು ಅಕ್ಕನ ಮಗಳ ಮದುವೆಗೆ ಹಾಡು ಬೇಕಾಗಿ ಹುಡುಕಿದಾಗ. ಅಷ್ಟರಲ್ಲಿ ಅಮ್ಮ ಇರಲಿಲ್ಲ. ರೇಡ್ ಸ್ಟೇಟಸ್ ನೋಡಿದೆ, ಎಲ್ಲ ಹಸಿರು. ಹಾಡು ಉಳಿದದ್ದು ಶಿವಮೊಗ್ಗದ ಅಕ್ಕನ ಬೀರುವಿನಲ್ಲಿ, ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಒಂದು ಯುಎಸ್‌ಬಿ ಡಿಸ್ಕಿನಲ್ಲಿ. ಮೇಲೆ ಮಾರ್ಕರಿನಲ್ಲಿ ‘ದೀಪಾವಳಿ 2022’ ಎಂದು ಬರೆದಿತ್ತು. ಮೂರನೇ ಹಾಡಿನ ನಡುವೆ ಕುಕ್ಕರ್ ಕೂಗಿದ್ದೂ ಹಾಗೇ ಇತ್ತು.

ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಾಚೆ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ತಂತ್ರಾಂಶ ಹಾಕಿದರೆ ಹಿಂದಿನ ತಾರೀಕಿನ ಪ್ರತಿಗಳೂ ಉಳಿಯುತ್ತವೆ. ಕ್ಲೌಡಿಗೆ ಕಳಿಸುವುದಾದರೆ ಲೆಕ್ಕ ಹಾಕಿಕೊಳ್ಳಿ: 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ 1 ಟಿಬಿ ಹೋಗಲು ನಾಲ್ಕೂವರೆ ದಿನ ದಾಟುತ್ತದೆ. ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಡಿಸ್ಕ್ ಒಯ್ಯುವುದೇ ಸಲೀಸು. ಸಿನಿಮಾಗಳಿಗೆ ಇಷ್ಟೆಲ್ಲ ಬೇಡ, ಮತ್ತೆ ಸಿಗುತ್ತವೆ. ಇಮ್ಮಿಚ್‌ನಲ್ಲಿ ಫೋಟೊ ಫೋಲ್ಡರ್ ಮಾತ್ರ ನಕಲು ಮಾಡಿದರೆ ಸಾಲದು. ಆಲ್ಬಂ, ಮುಖಗಳಿಗೆ ಕೊಟ್ಟ ಹೆಸರು ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿರುತ್ತವೆ. ಅದರ ಡಂಪ್ (ಪೂರ್ತಿ ನಕಲಿನ ಕಡತ) ಕೂಡ ಜೊತೆಗಿರಲಿ.

ನೀವು ಕೇಳಲಿಲ್ಲ, ಆದರೂ ಹೇಳಬೇಕು: ಆ ಬ್ಯಾಕಪ್ಪಿನ ಪಾಸ್‌ವರ್ಡ್ ಯಾರಿಗೆ ಗೊತ್ತು? ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಆ ತಂತ್ರಾಂಶ ಬರೆದವರೂ ತೆರೆದುಕೊಡಲಾರರು. ಮನೆಯ ದೀಪ, ಫ್ಯಾನು ನಡೆಸುವ ತಂತ್ರಾಂಶ ಹೋಂ ಅಸಿಸ್ಟೆಂಟ್ ಕೂಡ 2025ರ ಜನವರಿ ಆವೃತ್ತಿಯಿಂದ ತನ್ನ ಸ್ವಯಂಚಾಲಿತ ಬ್ಯಾಕಪ್ಪಿಗೆ ಬೀಗ ಹಾಕಿ, ಕೀಲಿಯನ್ನು ಇಳಿಸಿಟ್ಟುಕೊಳ್ಳಿ ಎನ್ನುತ್ತದೆ. ಆ ಕೀಲಿಯನ್ನು ಅದೇ ಸರ್ವರಿನಲ್ಲಿ ಇಟ್ಟವರನ್ನು ಎಷ್ಟು ಜನ ನೋಡಿದ್ದೇನೋ! ಕಾಗದದ ಮೇಲೆ ಬರೆದು ಪಹಣಿ, ಎಲ್‌ಐಸಿ ಬಾಂಡ್ ಇರುವ ಫೈಲಿನಲ್ಲಿ ಸೇರಿಸಿ. ಆಮೇಲೆ ಮನೆಯಲ್ಲಿ ಇನ್ನೊಬ್ಬರ ಕೈಗೆ ಆ ಚೀಟಿ, ಡಿಸ್ಕ್, ಲ್ಯಾಪ್‌ಟಾಪ್ ಕೊಟ್ಟು, ಒಂದೇ ಒಂದು ಫೋಟೊ ತೆಗೆದು ತೋರಿಸಲು ಹೇಳಿ. ನೀವು ಬಾಯಿ ಹಾಕಬೇಡಿ. ನನ್ನ ಹೆಂಡತಿ ಕಳೆದ ತಿಂಗಳು ಮಾಡಿದಳು. ನಲವತ್ತು ನಿಮಿಷ ಹಿಡಿಯಿತು, ಎರಡು ಕಡೆ ದಾರಿ ತಪ್ಪಿತು. ಆ ಎರಡು ಕಡೆ ಏನು ಮಾಡಬೇಕೆಂದು ಈಗ ಚೀಟಿಯಲ್ಲಿ ಅವಳದೇ ಅಕ್ಷರದಲ್ಲಿದೆ.