ಮಾಲೆಯ ಪುಸ್ತಕಗಳಿಗೆ ಕೈಯಲ್ಲೇ ಬರೆದ ಹೆಸರು

ಒಂದು ಮಾಲೆಯಲ್ಲಿ ಹತ್ತು ಪುಸ್ತಕ ಬರುತ್ತವೆ ಅಂದುಕೊಳ್ಳಿ. ಒಂದರ ಹೆಸರು ‘ಮರ’. ಇನ್ನೊಂದರ ಹೆಸರಲ್ಲಿ ‘ರಾಷ್ಟ್ರ’ ಎಂಬ ಪದ ಇದೆ. ‘ಮರ’ಕ್ಕೆ ಎರಡೇ ಅಕ್ಷರ, ಕೆಳಗೆ ಏನೂ ಇಳಿಯುವುದಿಲ್ಲ. ‘ರಾಷ್ಟ್ರ’ದಲ್ಲಿ ಷಕಾರಕ್ಕೆ ಎರಡು ಒತ್ತು, ಎರಡೂ ಸಾಲಿನಿಂದ ಕೆಳಗೆ ಜಗ್ಗುತ್ತವೆ. ಆದರೂ ಇವೆರಡು ಒಂದೇ ಮಾಲೆಯವು ಎಂದು ಅಂಗಡಿಯ ಕಪಾಟು ನೋಡಿದ ಕೂಡಲೇ ಗೊತ್ತಾಗಬೇಕು. ಈ ತೊಡಕನ್ನು ಕನ್ನಡದಲ್ಲಿ ಬಹಳ ಕಾಲ ಬಿಡಿಸಿದ್ದು ಕಲಾವಿದರ ಕೈ. ಫಾಂಟ್‌ಗಳು ಬಂದ ಮೇಲೂ ಆ ಕೆಲಸ ನಿಂತಿಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚುಮೊಳೆಯಲ್ಲೇ, ಅಂದರೆ ಬಿಡಿ ಬಿಡಿ ಲೋಹದ ಅಕ್ಷರಗಳನ್ನು ಜೋಡಿಸಿ, ಅಚ್ಚಾಯಿತು. ಆದರೆ 1843ರಲ್ಲಿ ಮಂಗಳೂರಿನಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಶುರು ಮಾಡಿದಾಗ ಅದು ಬಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಮೊಳೆ ಬೇಕಿಲ್ಲ. ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದದ್ದೇ ಕಲ್ಲಿನ ಮೇಲೆ ಮೂಡಿ, ಅಲ್ಲಿಂದ ಕಾಗದಕ್ಕೆ ಬರುತ್ತದೆ. ಅಂದರೆ ಕನ್ನಡದ ಮೊದಲ ಪತ್ರಿಕೆ ಮೊದಲಿಂದ ಕೊನೆವರೆಗೆ ಕೈಬರಹವೇ! ಅದೇ ಮೊಗ್ಲಿಂಗ್ ಮುಂದೆ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಹೆಸರಲ್ಲಿ ಹಳೆಯ ಕಾವ್ಯ, ದಾಸರ ಪದಗಳನ್ನೆಲ್ಲ ಕಲ್ಲಚ್ಚಿನಲ್ಲೇ ಹೊರತಂದರು. ಕೈಬರಹ ಮತ್ತು ಪುಸ್ತಕಮಾಲೆಯ ನಂಟು ಅಷ್ಟು ಹಳೆಯದು.

ಆಮೇಲೆ ಮೊಳೆ ಗೆದ್ದಿತು. ಒಳಪುಟಗಳಿಂದ ಕೈಬರಹ ಹೊರಬಿತ್ತು, ಮುಖಪುಟದಲ್ಲಿ ಮಾತ್ರ ಉಳಿಯಿತು. ಅದಕ್ಕೆ ಕಾರಣ ಖರ್ಚು. ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ ಕನ್ನಡಕ್ಕೆ ಬೇಕಾಗುವ ಮೊಳೆಗಳು ಜಾಸ್ತಿ. ಒಳಪುಟದ ಅಳತೆಗೇ ಅಷ್ಟು ಮೊಳೆ ಇಡಬೇಕಾದ ಪ್ರೆಸ್ಸು, ಮುಖಪುಟಕ್ಕೆ ಬೇಕಾದ ದೊಡ್ಡ ಅಳತೆಗಳಲ್ಲೂ ಅದನ್ನೆಲ್ಲ ಹೇಗೆ ಇಟ್ಟುಕೊಳ್ಳಲು ಸಾಧ್ಯ? ಅದಕ್ಕಿಂತ ಕಲಾವಿದರ ಕೈಲಿ ಇಂಡಿಯನ್ ಇಂಕ್‌ನಲ್ಲಿ ಹೆಸರು ಬರೆಸಿ, ಅದರಿಂದ ಲೈನ್ ಬ್ಲಾಕ್ ಎಂಬ ಲೋಹದ ಅಚ್ಚು ಮಾಡಿಸುವುದು ಸಲೀಸು. ಚಿತ್ರಕ್ಕೆ ಹಣ ಇಲ್ಲದಿದ್ದರೆ ಒಂದೋ ಎರಡೋ ಬಣ್ಣದಲ್ಲಿ ಬರೀ ಅಕ್ಷರವೇ ಮುಖಪುಟ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ನನ್ನ ಕೈ ಈಗಲೂ ಮೊದಲು ಹೋಗುವುದು ಇಂಥ ಪುಸ್ತಕಗಳ ಕಡೆಗೇ.

ಅದು ಮಾಲೆಗಳ ಕಾಲವೂ ಹೌದು. ಧಾರವಾಡದಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅಕ್ಷರ ಪ್ರಕಾಶನ ಕಟ್ಟಿದರು. ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ತಂದ ‘ವಿಶ್ವಕಥಾಕೋಶ’ವಂತೂ 25 ಸಂಪುಟ. ಇಪ್ಪತ್ತೈದು ಹೆಸರು, ಇಪ್ಪತ್ತೈದು ಬೆನ್ನು, ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಭಾರತದ ಲಿಪಿಗಳಲ್ಲಿ ಈ ಕೆಲಸ ಎಷ್ಟು ದೂರ ಹೋಗಬಲ್ಲದು ಎಂದು ನೋಡಲು ಕಲ್ಕತ್ತೆಗೆ ಹೋಗಬೇಕು. ಡಿ.ಕೆ. ಗುಪ್ತಾ 1943ರಲ್ಲಿ ಶುರುಮಾಡಿದ ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನಕ್ಕೆ ಮುಖಪುಟ ಮಾಡಿಕೊಟ್ಟವರು ಸತ್ಯಜಿತ್ ರೇ. ಆಗಿನ್ನೂ ಅವರು ಸಿನಿಮಾಕ್ಕೆ ಬಂದಿರಲಿಲ್ಲ, ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಬಳಿ ಕಲಿತ ಕುಂಚದ ಹಿಡಿತ ಕೈಯಲ್ಲಿತ್ತು. ಜಿಮ್ ಕಾರ್ಬೆಟ್‌ನ ಹುಲಿಬೇಟೆಯ ಪುಸ್ತಕ ಬಂಗಾಳಿಗೆ ಬಂದಾಗ ಮುಂದೆ ಹಿಂದೆ ಎರಡೂ ಕಡೆ ಹುಲಿಯ ಚರ್ಮ ಹರಡಿದರು. ಮುಂದುಗಡೆ ಗುಂಡು ಹೊಕ್ಕ ಸಣ್ಣ ತೂತು, ಹಿಂದುಗಡೆ ಅದು ಹೊರಬಿದ್ದ ದೊಡ್ಡ ತೂತು. ಅಕ್ಷರಗಳಿಗೆ ಜಾಗ ಆ ತೂತುಗಳ ಒಳಗೆ! ರಾಮಕೃಷ್ಣ ಪರಮಹಂಸರ ಕುರಿತ ಪುಸ್ತಕಕ್ಕೆ ಅವರು ಬರೆದ ಅಕ್ಷರಗಳು ದೇವರ ನಾಮ ಅಚ್ಚೊತ್ತಿದ ಶಾಲಿನ ಬರಹದಂತೆ ಇವೆ.

ಮಾಲೆಯ ದೃಷ್ಟಿಯಿಂದ ನನಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಬಂಗಾಳಿಯ ‘ಎಕ್ಷಣ’ ಪತ್ರಿಕೆ. ನಿರ್ಮಾಲ್ಯ ಆಚಾರ್ಯ ಮತ್ತು ನಟ ಸೌಮಿತ್ರ ಚಟರ್ಜಿ 1961ರಲ್ಲಿ ಶುರುಮಾಡಿದ ಪತ್ರಿಕೆ ಅದು. ಹೆಸರಿಗೆ ಮೂರೇ ಅಕ್ಷರ. ಆ ಮೂರನ್ನೇ ರೇ ಸಂಚಿಕೆಯಿಂದ ಸಂಚಿಕೆಗೆ ಹೊಸದಾಗಿ ಬರೆದರು. ಒಮ್ಮೆ ಮುಖಪುಟ ತುಂಬ ಅಕ್ಷರ, ಇನ್ನೊಮ್ಮೆ ಅದೇ ಒಡೆದು ವಿನ್ಯಾಸ. ರೂಪ ಬದಲಾದರೂ ಗುರುತು ತಪ್ಪುವುದಿಲ್ಲ.

ಕನ್ನಡದಲ್ಲಿ ಈ ಗುರುತನ್ನು ಎಲ್ಲಿ ಇಡಬೇಕು? ತಲೆಕಟ್ಟಿನಲ್ಲಿ ಅಂತ ಥಟ್ಟನೆ ಅನ್ನಿಸುತ್ತದೆ. ಮರ, ನದಿ, ಕವನ, ಎಲ್ಲದರ ನೆತ್ತಿಯ ಮೇಲೂ ಅದು ಇದೆ. ಅದನ್ನೊಂದು ವಿಶೇಷ ರೀತಿಯಲ್ಲಿ ಎಳೆದರೆ ಮಾಲೆಗೆ ಒಂದು ಮುಖ ಬಂತು, ಅಲ್ವಾ? ಆದರೆ ‘ಜಲ’ ಎಂಬ ಹೆಸರು ಬಂದರೆ? ಜಕಾರಕ್ಕೂ ತಲೆಕಟ್ಟಿಲ್ಲ, ಲಕಾರಕ್ಕೂ ಇಲ್ಲ. ಖ, ಟ, ಣ, ಬ ಕೂಡ ಹಾಗೆಯೇ. ಹಾಗಾಗಿ ಗುರುತು ಗೆರೆಯಲ್ಲಿ ಇರಬೇಕು. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಸುಳಿ ಎಷ್ಟು ಬಿಗಿ, ತುದಿ ಮೊಂಡೋ ಚೂಪೋ, ಇದು ಮೊದಲು ತೀರ್ಮಾನ ಆಗಬೇಕು. ಒತ್ತಕ್ಷರದ ಅಳತೆಯೂ ಅಷ್ಟೇ ಮುಖ್ಯ. ಹೆಸರು ಎರಡು ಸಾಲಿಗೆ ಬಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಫಾಂಟ್ ಆದರೆ ಎರಡು ಸಾಲನ್ನೂ ದೂರ ದೂರ ಇಡಬೇಕು, ಹೆಸರು ಬಿಡಿಬಿಡಿ ಆಗುತ್ತದೆ. ಕೈಯಲ್ಲಿ ಬರೆಯುವವರು ಕೆಳಗಿನ ಸಾಲಿನಲ್ಲಿ ಖಾಲಿ ಇರುವ ಸಂದು ಹುಡುಕಿ ಒತ್ತನ್ನು ಅಲ್ಲಿಗೆ ಇಳಿಸುತ್ತಾರೆ.

ಆಫ್‌ಸೆಟ್ ಮುದ್ರಣ ಬಂದಾಗ ಬ್ಲಾಕ್ ಹೋಯಿತು, ಕೈಬರಹ ಉಳಿಯಿತು. ಅದಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಡಿಟಿಪಿ, ಅಂದರೆ ಕಂಪ್ಯೂಟರ್‌ನಲ್ಲೇ ಪುಟ ಜೋಡಿಸುವ ಪದ್ಧತಿ. ‘ಶ್ರೀಲಿಪಿ’, 1998ರಲ್ಲಿ ಬಂದ ‘ಬರಹ’, ಆಮೇಲೆ ‘ನುಡಿ’, ಈ ತಂತ್ರಾಂಶಗಳೆಲ್ಲ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಒಳಪುಟಕ್ಕೆಂದು ಮಾಡಿದ ಅಕ್ಷರವನ್ನೇ ಹಿಗ್ಗಿಸಿ, ಸುತ್ತ ಗೆರೆ ಕೊಟ್ಟು, ನೆರಳು ಬಿಟ್ಟು ಮುಖಪುಟಕ್ಕೆ ಹಾಕುವ ರೂಢಿಯೂ ಆಗಲೇ ಬಂತು. ಆ ವರ್ಷಗಳ ಎಷ್ಟೋ ಒಳ್ಳೆಯ ಪುಸ್ತಕಗಳ ಮುಖ ನೋಡಿದರೆ ಬೇಸರವಾಗುತ್ತದೆ. ಈಗ ಯೂನಿಕೋಡ್‌ನಲ್ಲಿ ಬಾಲೂ ತಮ್ಮ, ಅನೇಕ್ ಕನ್ನಡದಂಥ ಚೆಂದದ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಆದರೆ ಎಲ್ಲರಿಗೂ ಸಿಗುವುದರಿಂದ ಕಾದಂಬರಿಯ ಮೇಲಿನ ಅಕ್ಷರವೇ ಅಂಗಡಿಯ ಬ್ಯಾನರ್ ಮೇಲೂ ಕಾಣಬಹುದು. ಕೈಬರಹಕ್ಕೆ ಮತ್ತೆ ಕರೆ ಬರಲು ಇದೂ ಒಂದು ಕಾರಣ.

ಈಗಿನ ಕೆಲಸದಲ್ಲಿ ನನ್ನ ಪ್ರಕಾರ ಒಂದು ಕ್ರಮ ತಪ್ಪಬಾರದು. ಮಾಲೆಯ ಎಲ್ಲ ಹೆಸರುಗಳೂ ಮೊದಲೇ ಕಲಾವಿದರ ಕೈಗೆ ಬರಬೇಕು. ಅತಿ ಉದ್ದದ್ದು, ಅತಿ ಚಿಕ್ಕದ್ದು, ಜಾಸ್ತಿ ಒತ್ತು ಇರುವುದು, ಈ ಮೂರನ್ನು ಮೊದಲು ಬರೆದು ನೋಡಬೇಕು. ಅವು ಒಗ್ಗಿದರೆ ಮಿಕ್ಕವು ತಾವಾಗಿ ಒಗ್ಗುತ್ತವೆ. ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡಿದರೂ ಸರಿ, ಟ್ಯಾಬ್ಲೆಟ್ ಮೇಲೆ ಬರೆದರೂ ಸರಿ. ಮೊಬೈಲ್ ಪರದೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಆದಾಗಲೂ ಹೆಸರು ಓದಲು ಬರಬೇಕು. ತೀರಾ ತೆಳು ಗೆರೆ ಅಲ್ಲಿ ಉಳಿಯುವುದಿಲ್ಲ.

ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೂ ಒಂದು ಇದೆ. ಸಂತೋಷ. ಆದರೆ ಪುಸ್ತಕದ ಒಳಗೆ ‘ಮುಖಪುಟ’ ಎಂದು ಒಂದು ಹೆಸರು ಹಾಕಿ ಮುಗಿಸುವುದೇ ಹೆಚ್ಚು. ಚಿತ್ರ ಒಬ್ಬರದು, ಅಕ್ಷರ ಇನ್ನೊಬ್ಬರದು ಆದಾಗ ಅಕ್ಷರ ಬರೆದವರು ಕಾಣೆಯಾಗುತ್ತಾರೆ. ಮರುಮುದ್ರಣದಲ್ಲಿ ಹೊಸ ಮುಖಪುಟ ಬಂದರೆ ಹಳೆಯ ಅಕ್ಷರವೂ ಹೋಗುತ್ತದೆ. ಅದೇ ಪುಟದಲ್ಲಿ ‘ಅಕ್ಷರ ವಿನ್ಯಾಸ’ ಎಂದು ಇನ್ನೊಂದು ಸಾಲು ಸೇರಿಸಲು ಪ್ರಕಾಶಕರಿಗೆ ಒಂದು ಪೈಸೆಯೂ ಖರ್ಚಾಗದು. ಮುಂದಿನ ಮುದ್ರಣದಿಂದಲೇ ಸೇರಿಸಬಹುದು.